ಮೈನರ್ ಮಕ್ಕಳ ಹೆಸರಲ್ಲಿ ಕೇಸ್ ಇದೆಯಾ? ರಾಜಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಡಿಗ್ರಿ ಓದಿದವಳು ನಾನು. ಆದರೂ ನನ್ನ ಕೈಯಾರೆ ಮಗನ ಅನ್ನಕ್ಕೆ ಮಣ್ಣು ಹಾಕಿದೆ.

ಯಜಮಾನರು ತೀರಿಕೊಂಡ ಮರುವರ್ಷ ಭಾವ ಪಾಲಿನ ದಾವೆ ಹಾಕಿದರು. ಅತ್ತೆ, ನಾನು, 11 ವರ್ಷದ ನನ್ನ ಮಗ ಪ್ರತಿವಾದಿಗಳು. ಮಗ ಮೈನರ್, ಅವನಿಗೆ ಗಾರ್ಡಿಯನ್ ನಾನೇ. ನೋಟಿಸ್ ಬಂದ ದಿನವೇ ಭಾವ ಮನೆಗೆ ಬಂದು, "ಕೋರ್ಟು ಬರೀ ನೆಪಕ್ಕಮ್ಮ. ನಿನಗೂ ವಕೀಲರನ್ನು ನೋಡಿದ್ದೀನಿ, ಫೀಸಿನ ಚಿಂತೆ ಬೇಡ" ಅಂದರು. ನನಗೆ ಖುಷಿಯಾಯಿತು! ಎದುರು ಪಾರ್ಟಿಯೇ ನಮಗೆ ವಕೀಲರನ್ನು ಹುಡುಕಿಕೊಟ್ಟರೆ ಏನರ್ಥ ಅಂತ ಹೊಳೆಯಲೇ ಇಲ್ಲ. ಕಾಫಿ ಬೇರೆ ಮಾಡಿಕೊಟ್ಟೆ.

ಮೂರನೇ ಡೇಟ್‌ಗೆ ರಾಜಿ ಅರ್ಜಿ ತಯಾರು. ಕೋರ್ಟ್ ವರಾಂಡದ ಬೆಂಚಿನ ಮೇಲೆ, ಗುಮಾಸ್ತರು ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಹಾಕಿದ ಕಡೆಯೆಲ್ಲ ಸಹಿ ಮಾಡಿದೆ. ನನ್ನದೊಂದು, "ಮೈನರ್ ಪರವಾಗಿ" ಅಂತ ಇನ್ನೊಂದು. ರಸ್ತೆ ಪಕ್ಕದ 2 ಎಕರೆ ಭಾವನಿಗೆ. ನಮಗೆ ಗುಡ್ಡದ ಕಡೆಯ 14 ಗುಂಟೆ, ಮೇಲೆ ಒಂದೂವರೆ ಲಕ್ಷ. "ಹುಡುಗನ ಪಾಲು?" ಅಂತ ಕೇಳಿದ್ದೆ, ಕೇಳಿಲ್ಲ ಅಂತಲ್ಲ. "ನೀವೇ ತಾಯಿ ಅಲ್ವಾ, ನಿಮ್ಮ ಸಹಿ ಸಾಕು" ಅಂದರು ವಕೀಲರು.

ಸಾಕಾಗಲ್ಲ! ಸಿಪಿಸಿ, ಅಂದರೆ ಸಿವಿಲ್ ಕೇಸು ನಡೆಸುವ ಕ್ರಮದ ಕಾಯ್ದೆ, ಅದರ ಆರ್ಡರ್ 32, ರೂಲ್ 7 ಪ್ರಕಾರ ಮೈನರ್ ಪರ ರಾಜಿಗೆ ಕೋರ್ಟಿನ ಅನುಮತಿ ಬೇಕು. ಗಾರ್ಡಿಯನ್ ಅಫಿಡವಿಟ್ ಕೊಡಬೇಕು. ಈ ರಾಜಿ ಮಗುವಿಗೆ ಒಳ್ಳೆಯದು ಅಂತ ವಕೀಲರೂ ಸರ್ಟಿಫಿಕೇಟ್ ಬರೆದುಕೊಡಬೇಕು. ಬುದ್ಧಿ ಸ್ಥಿಮಿತ ಇಲ್ಲದವರ ಕೇಸಿಗೂ ಇದೇ ರೂಲು. ನನಗೆ ಇದು ಗೊತ್ತಾಗಿದ್ದು ಒಂದು ವರ್ಷದ ಮೇಲೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ. ಅಲ್ಲಿನ ಲಾಯರ್ ಹುಡುಗಿ, ಪ್ರತಿ ಡೇಟ್‌ಗೆ ಏನಾಯಿತು ಅಂತ ಕೋರ್ಟು ಬರೆದಿಡುವ ಆರ್ಡರ್ ಶೀಟಿನ ಮೇಲೆ ಬೆರಳಾಡಿಸುತ್ತಾ ಹೋದಳು. ಹಾಳೆ ಹಿಂದೆ ತಿರುಗಿಸಿದಳು, ಮತ್ತೆ ಮುಂದೆ. "ಅನುಮತಿ ಅರ್ಜಿಯೇ ಇಲ್ಲವಲ್ಲ ಮೇಡಂ. ಇವರು ಯಾರ ಕಡೆ ವಕೀಲರು?"

ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹಳೆ ವಕೀಲರಿಗೆ ಫೋನ್ ಮಾಡಿದೆ. "ಓದಿ ತಿಳಿದು ಸಹಿ ಮಾಡಿದ್ದೇನೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ." ಎರಡನೇ ಸಲ ಮಾಡಿದಾಗ, "ನನಗೆ ಫೀಸ್ ಕೊಟ್ಟವರನ್ನು ಕೇಳಿ." ಅವರನ್ನು ಕೇಳಬೇಕಂತೆ!

ಎದುರು ಪಾರ್ಟಿ ತೋರಿಸಿದ ವಕೀಲರಿಗೆ ವಕಾಲತ್ತು ಕೊಡಲೇಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ನನಗೆ ಯಾರೂ ಹೇಳಲಿಲ್ಲ.

ಅನುಮತಿ ಇಲ್ಲದ ರಾಜಿಯನ್ನು ಮೈನರ್ ಕಡೆಯಿಂದ ರದ್ದು ಮಾಡಿಸಬಹುದು. ಅದೇ ಕೋರ್ಟಿಗೆ ಅರ್ಜಿ ಹಾಕಿದ್ದೇವೆ. ಸಹಿ ಹಾಕಿದವಳು ನಾನೇ ಆದ್ದರಿಂದ ಈ ಸಲ ಮಗನ ಪರ ನಿಂತಿರುವುದು ನನ್ನ ತಮ್ಮ. ನೋಟಿಸ್ ಮುಟ್ಟಿದ ಸಂಜೆಯೇ ಭಾವನ ಫೋನ್: "ಮನೆ ಮಾತು ಬೀದಿಗೆ ಯಾಕಮ್ಮ, ಕೂತು ಮಾತಾಡೋಣ."