ಓಟಿ (ಆಪರೇಷನ್ ಥಿಯೇಟರ್) ಟೇಬಲ್‌ಗೆ ಫೋಮ್ ಹಾಸಿಗೆಯೋ, ಜೆಲ್ ಪ್ಯಾಡೋ?

ಅರಿವಳಿಕೆಯಲ್ಲಿರುವ ರೋಗಿ ಮಗ್ಗುಲು ಬದಲಿಸಲಾರ, ಒತ್ತುತ್ತಿದೆ ಎಂದು ಹೇಳಲಾರ. ಆಪರೇಷನ್ 3 ತಾಸು ದಾಟಿತೆಂದರೆ ಬೆನ್ನಿನ ಬುಡ, ಹಿಮ್ಮಡಿ, ತಲೆಯ ಹಿಂಭಾಗದಲ್ಲಿ ಒತ್ತಡದ ಹುಣ್ಣಿನ ಭಯ ಹೆಚ್ಚುತ್ತದೆ.

ಫೋಮ್ ಹಗುರ, ಮೈಗೆ ತಣ್ಣಗೆ ತಾಗುವುದಿಲ್ಲ. ಮೆಮೊರಿ ಫೋಮ್ ಆದರೆ ಭಾರವನ್ನು ಚೆನ್ನಾಗಿ ಹಂಚುತ್ತದೆ. ಆದರೆ ಹೊದಿಕೆ ಒಂದು ಕಡೆ ಸೀಳಿದರೂ ರಕ್ತ, ಬೆಟಾಡಿನ್ (ಚರ್ಮಕ್ಕೆ ಬಳಿಯುವ ಕ್ರಿಮಿನಾಶಕ) ಒಳಗಿಳಿಯುತ್ತದೆ. ಹಳೆಯ ಫೋಮ್ ಮೇಲೆ ಅಂಗೈ ಊರಿ ಒತ್ತಿ ನೋಡಿ: ಕೆಳಗಿನ ಗಟ್ಟಿ ಟೇಬಲ್ ಕೈಗೆ ಸಿಕ್ಕರೆ ಅದನ್ನು ಅಂದೇ ಬದಲಿಸಿ.

ಜೆಲ್ ಪ್ಯಾಡ್ ಒರೆಸಿ ಮತ್ತೆ ಬಳಸಬಹುದು, ಬಹುಕಾಲ ಬಾಳುತ್ತದೆ. ಭಾರ, ದುಬಾರಿ, ಎಸಿ ಕೋಣೆಯಲ್ಲಿ ತಣ್ಣಗೆ ಕೊರೆಯುತ್ತದೆ.

ನನ್ನ ಆಯ್ಕೆ: ಮೈಯಡಿಗೆ ಒಳ್ಳೆಯ ಫೋಮ್, ತಲೆಗೂ ಮೊಣಕೈಗೂ ಜೆಲ್. ಹಿಮ್ಮಡಿಗೆ ಮಾತ್ರ ಎರಡೂ ಸಾಲವು. ಮೀನಖಂಡದ ಉದ್ದಕ್ಕೂ ಆಸರೆ ಕೊಟ್ಟು, ಮೊಣಕಾಲು ತುಸು ಬಾಗಿಸಿ, ಹಿಮ್ಮಡಿ ಏನನ್ನೂ ಮುಟ್ಟದಂತೆ ಎತ್ತಿಡಬೇಕು. ಹಿಮ್ಮಡಿಯಡಿ ನೀರು ತುಂಬಿದ ಗ್ಲೌಸ್ ಇಡುವ ರೂಢಿಯನ್ನು ದಯವಿಟ್ಟು ಬಿಡಿ.

ಯಾವುದನ್ನೇ ಕೊಂಡರೂ ಅದರ ಮೇಲೆ ಮೂರು ನಾಲ್ಕು ಬೆಡ್‌ಶೀಟ್ ಪೇರಿಸಿದರೆ ಕೊಟ್ಟ ಹಣ ವ್ಯರ್ಥ. ಆಪರೇಷನ್‌ಗೆ ಮುಂಚೆ ಚರ್ಮಕ್ಕೆ ಬಳಿಯುವಾಗ ಬೆಟಾಡಿನ್ ಸೊಂಟದಡಿ ಹರಿದು ನಿಲ್ಲದಂತೆ ಬದಿಗೆ ಟವೆಲ್ ಇಟ್ಟು, ಡ್ರೇಪ್ (ರೋಗಿಗೆ ಹೊದಿಸುವ ಶುದ್ಧ ಬಟ್ಟೆ) ಹಾಕುವ ಮುಂಚೆ ತೆಗೆಯಿರಿ. ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ.

ಕೊನೆಗೆ ರೋಗಿಯನ್ನು ಟ್ರಾಲಿಗೆ ಎಳೆಯಬೇಡಿ, ಎತ್ತಿ. ಬೆನ್ನು ನೋಡಿ. ನಮ್ಮ ಕಪ್ಪು ಮೈಬಣ್ಣದಲ್ಲಿ ಒತ್ತಿದ ಜಾಗದ ಕೆಂಪು ಸುಲಭಕ್ಕೆ ಕಾಣದು. ಬಿಸಿಯೋ, ಗಟ್ಟಿಯೋ ಮುಟ್ಟಿ ತಿಳಿದು ವಾರ್ಡ್‌ನ ಸಿಸ್ಟರ್‌ಗೆ ಬರೆದುಕೊಡಿ.