ಹಂಡೆಗೆ ಬಿದ್ದ ಫೋನು, ದುರ್ಗಿಗುಡಿಯ ರಿಪೇರಿ ಅಂಗಡಿ

ಸಾಗರದ ನಮ್ಮ ಅಮ್ಮನ ಮನೆ ಬಚ್ಚಲಿನಲ್ಲಿ ಹಂಡೆಯ ಮೇಲೆ ಗೋಡೆಗೆ ಒಂದು ಗೂಡು ಇದೆ. ಸೋಪು ಇಡುವ ಜಾಗ. ನಾನು ಅಲ್ಲಿ ಫೋನ್ ಇಟ್ಟೆ. ಯಾರದೋ ಕಾಲ್ ಬಂತು, ಫೋನು ಗುರ್ ಅಂತ ನಡುಗುತ್ತಾ ಜಾರಿ ಸೀದಾ ಹಂಡೆಗೆ. ಕುದಿಯುವ ನೀರು. ಸೌಟು ತಂದು ಎತ್ತುವಷ್ಟರಲ್ಲಿ ಒಂದು ನಿಮಿಷ ಆಗಿರಬೇಕು.

ಕೊಂಡು ಏಳೇ ತಿಂಗಳು. ನೀರು, ಧೂಳು ತಡೆಯುತ್ತದೆ ಅನ್ನುವ ಐಪಿ67 ಗುರುತಿನ ಫೋನು. ಕೊಡುವಾಗ ಅಂಗಡಿಯವನು ಬಾಟಲಿ ನೀರು ಸುರಿದು ತೋರಿಸಿದ್ದ. ಅದರಲ್ಲಿ 7 ಅಂದರೆ ಒಂದು ಮೀಟರ್ ಆಳದ ಸಾದಾ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಹಂಡೆಯ ನೀರಿಗೆ ಆ ಲೆಕ್ಕ ಇಲ್ಲ, ಬಿಸಿಗೆ ಅಂಟು ಸಡಿಲ ಆಗುತ್ತದೆ. ವಾರಂಟಿ ಪುಸ್ತಕದಲ್ಲಂತೂ ನೀರು ಹೊಕ್ಕರೆ ನಮ್ಮ ಜವಾಬ್ದಾರಿ ಅಲ್ಲ ಅಂತಲೇ ಇದೆ. ಅದನ್ನು ನಾನು ಓದಿದ್ದು ಫೋನು ಮುಳುಗಿದ ಮೇಲೆ.

ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಅಮ್ಮ ನೋಡಿ, "ಅಕ್ಕಿ ನೀರು ಕುಡಿಯೋದು ಒಲೆ ಮೇಲೆ ಇಟ್ಟಾಗ ಕಣೇ" ಅಂದಳು. ಅವಳೇ ಸರಿ. ಮರುದಿನ ಚಾರ್ಜಿಗೂ ಹಾಕಿದೆ. ಅದು ಇನ್ನೂ ದೊಡ್ಡ ತಪ್ಪಂತೆ. ಒಳಗೆ ಪಸೆ ಇರುವಾಗ ಕರೆಂಟ್ ಹರಿದರೆ ತುಕ್ಕು ಬೇಗ ಹಿಡಿಯುತ್ತದೆ.

ಶಿವಮೊಗ್ಗದಲ್ಲಿ ಕಂಪನಿಯ ಸರ್ವಿಸ್ ಸೆಂಟರಿನ ಹುಡುಗಿ ಸಿಮ್ ಟ್ರೇ ಎಳೆದು, ಒಳಗೆ ಟಾರ್ಚ್ ಬಿಟ್ಟು ತೋರಿಸಿದಳು. ಬೆಳ್ಳಗಿರಬೇಕಾದ ಚುಕ್ಕೆ ಕೆಂಪಾಗಿತ್ತು. ನೀರು ತಾಗಿದರೆ ಬಣ್ಣ ಬದಲಾಗುವ ಸ್ಟಿಕ್ಕರ್ ಅದು. "ವಾರಂಟಿ ಬರಲ್ಲ ಮೇಡಂ. ಬೋರ್ಡ್ ಬದಲಿಸಬೇಕು, 14,800. ಒಳಗಿನ ಫೋಟೋ ಎಲ್ಲ ಹೋಗುತ್ತೆ." ಮೆಮೊರಿ ಬೋರ್ಡಿಗೇ ಅಂಟಿರುತ್ತದಲ್ಲ, ಬೋರ್ಡ್ ಹೋದರೆ ಅದೂ ಹೋದ ಹಾಗೆ. ಮಗಳ ಮೊದಲ ಹೆಜ್ಜೆಯ ವಿಡಿಯೋ ಅದರಲ್ಲೇ ಇತ್ತು. ಬ್ಯಾಕಪ್? ಕೇಳಬೇಡಿ.

ಹಾಗೆ ಅದೇ ಊರಿನ ದುರ್ಗಿಗುಡಿಯ ಒಂದು ಸಣ್ಣ ಅಂಗಡಿಗೆ ಹೋದೆ. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಇರಬೇಕು. ಹುಡುಗ ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಹಿಂದಿನ ಗಾಜು ಬಿಡಿಸಿದ. ಒಳಗೆ ಒಂದು ಸ್ಕ್ರೂ ಮೇಲೆ ಪುಟ್ಟ ಬಿಳಿ ಸ್ಟಿಕ್ಕರ್. ಅಲ್ಲಿ ಕೈ ನಿಲ್ಲಿಸಿದ.

"ಅಕ್ಕಾ, ಇದನ್ನ ಕಿತ್ತರೆ ಕಂಪನಿಯವರು ಮತ್ತೆ ಮುಟ್ಟಲ್ಲ. ಬೇಡ ಅಂದ್ರೆ ಹೀಗೇ ಮುಚ್ಚಿ ಕೊಡ್ತೀನಿ, ದುಡ್ಡು ಬೇಡ."

ಈ ಅಂಗಡಿಗೆ ನಾನು ಕೊಡುವ ಸ್ಟಾರೆಲ್ಲ ಈ ಒಂದು ಮಾತಿಗೆ. ನೀರಿನ ರಿಪೇರಿಗೆ ವಾರಂಟಿ ಹೇಗೂ ಇರಲಿಲ್ಲ. ಆದರೆ ಇನ್ನೂ ಐದು ತಿಂಗಳು ಬಾಕಿ ಇತ್ತು. ನಾಳೆ ಸ್ಕ್ರೀನಿನಲ್ಲಿ ಗೆರೆ ಬಂದರೆ, ಬ್ಯಾಟರಿ ಉಬ್ಬಿದರೆ ಕೇಳಿಕೊಂಡು ಹೋಗಲು ಒಂದು ಬಾಗಿಲು. ಸ್ಟಿಕ್ಕರ್ ಕಿತ್ತರೆ ಅದೂ ಮುಚ್ಚುತ್ತದೆ. ಕೆಂಪು ಚುಕ್ಕೆ ನೋಡಿದ ಮೇಲೆ ಅವರು ಆ ಬಾಗಿಲು ತೆಗೆಯುತ್ತಿದ್ದರಾ, ಅದೂ ಅನುಮಾನವೇ ಅನ್ನಿ. ವಿಡಿಯೋ ನೆನಪಾಗಿ "ಕೀಳಪ್ಪಾ" ಅಂದೆ.

ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿದ. ಮೈಕ್ರೋಸ್ಕೋಪಿನ ಪರದೆಯಲ್ಲಿ ತೋರಿಸಿದ, ಚಾರ್ಜಿಂಗ್ ಪಿನ್ನಿನ ಸುತ್ತ ಹಸಿರು ಕಿಲುಬು, ನಮ್ಮ ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ, ಥೇಟ್ ಹಾಗೇ. ಪಕ್ಕದಲ್ಲಿ ಅಕ್ಕಿಯ ಹಿಟ್ಟು ಒದ್ದೆಯಾಗಿ ಅಂಟಿತ್ತು. ನನಗೆ ನಾಚಿಕೆಯಾಯಿತು. ಐಪಿಎ ಅನ್ನುವ ಸ್ಪಿರಿಟ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಚಾರ್ಜಿಂಗ್ ಪಟ್ಟಿ ಹೊಸದು ಹಾಕಿದ. ಒಟ್ಟು 1,600 ರೂಪಾಯಿ. ವಿಡಿಯೋ ಸಿಕ್ಕಿತು.

ಬೇಜಾರಿನದ್ದೂ ಇದೆ. ಸಂಜೆಗೆ ಕೊಡ್ತೀನಿ ಅಂದವನು ಮೂರು ದಿನ ತೆಗೆದುಕೊಂಡ. ಸಾಗರದಿಂದ ಸುಮಾರು 70 ಕಿಲೋಮೀಟರ್, ಎರಡು ಸಲ ಸುಮ್ನೆ ಬಸ್ಸಿನಲ್ಲಿ ಬಂದು ಹೋದೆ. ಫೋನ್ ಎತ್ತುವುದಿಲ್ಲ. ಬಿಲ್ ಕೇಳಿ ಪಡೆಯಬೇಕು, ಅದರಲ್ಲೂ "ನೀರಿನ ಫೋನು, ಗ್ಯಾರಂಟಿ ಇಲ್ಲ" ಅಂತ ಬರೆದುಕೊಟ್ಟ. ಅದಕ್ಕೇ ಐದಕ್ಕೆ ನಾಲ್ಕು ಸ್ಟಾರ್.

ಎರಡು ತಿಂಗಳಾಯಿತು. ಸೆಲ್ಫಿ ಕ್ಯಾಮರಾದಲ್ಲಿ ಸ್ವಲ್ಪ ಮಂಜು ಉಳಿದಿದೆ, ವಯಸ್ಸು ಕಡಿಮೆ ಕಾಣುತ್ತದೆ. ಹಿಂದಿನ ಗಾಜಿನ ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದೆ. ಇನ್ನು ಮಳೆ ಹನಿಗೂ ಹುಷಾರು ಅಂತ ಅವನೇ ಹೇಳಿ ಕಳಿಸಿದ್ದ. ಬಚ್ಚಲಿನ ಗೂಡಿನಲ್ಲಿ ಈಗ ಸೋಪು ಮಾತ್ರ.