90 ದಿನಕ್ಕೊಂದು ಪಾಸ್‌ವರ್ಡೋ, ಬದಲಿಸಬೇಕಿಲ್ಲದ ಉದ್ದನೆಯ ಪಾಸ್‌ವರ್ಡೋ?

ಎರಡನ್ನೂ ಆಫೀಸಿನಲ್ಲಿ ನಡೆಸಿ ನೋಡಿದ ಮೇಲೆ ನನ್ನ ಮತ ಎರಡನೆಯದಕ್ಕೇ. 90 ದಿನದ ನಿಯಮವನ್ನು ಸಿಬ್ಬಂದಿ ಮುರಿಯುವುದು ಸೋಮಾರಿತನದಿಂದಲ್ಲ, ಕೈಯಲ್ಲಿರುವ ಕೆಲಸ ನಿಲ್ಲಬಾರದೆಂದು. ಕೌಂಟರಿನ ಮುಂದೆ ಜನ ಕಾಯುತ್ತಿರುವಾಗ ‘ಅವಧಿ ಮುಗಿದಿದೆ’ ಎಂದು ಪರದೆ ಹೇಳಿದರೆ Dasara@2024 ಹೋಗಿ Dasara@2025 ಬರುತ್ತದೆ, ಅಷ್ಟೇ. ಚಿಹ್ನೆ, ಅಂಕಿ, ದೊಡ್ಡಕ್ಷರ ಎಲ್ಲ ಇರುವುದರಿಂದ ಸಿಸ್ಟಂ ಒಪ್ಪಿಕೊಳ್ಳುತ್ತದೆ. ಹಳೆಯದು ಗೊತ್ತಿದ್ದವನಿಗೆ ಹೊಸದೂ ಗೊತ್ತು: 2010ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಪಾಸ್‌ವರ್ಡ್ ಹಿಡಿದು ಆನ್‌ಲೈನಿನಲ್ಲಿ ಐದೇ ಊಹೆಗಳಲ್ಲಿ ಶೇ. 17ರಷ್ಟು ಖಾತೆಗಳನ್ನು ತೆರೆಯಬಹುದೆಂದು ತೋರಿಸಿದರು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ, ಮೈಕ್ರೋಸಾಫ್ಟ್ 2019ರಲ್ಲಿ ಈ ಕಡ್ಡಾಯ ಬದಲಾವಣೆಯ ಶಿಫಾರಸನ್ನು ಕೈಬಿಟ್ಟವು.

ಉದ್ದನೆಯದರಲ್ಲಿ ತಾಪತ್ರಯ ಒಂದೇ, ಆದರೆ ಬಿಡದೆ ಕಾಡುವಂಥದ್ದು: ಕನ್ನಡ ಪದಗಳ ಇಂಗ್ಲಿಷ್ ಸ್ಪೆಲ್ಲಿಂಗ್. ಪಾಸ್‌ವರ್ಡಿಗೆ ಜೋಡಿಸಲು ಸಂಬಂಧವಿಲ್ಲದ ನಾಲ್ಕು ಪದ ಹೇಳಿ ಎಂದರೆ ಛತ್ರಿ, ಗೂಡು, ಶಂಖ, ತಾಳೆ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಗೂಡಿಗೆ ಒಂದು ಯು ಹಾಕಿದ್ದೋ ಎರಡು ಓ ಹಾಕಿದ್ದೋ? ತಾಳೆಗೆ ಬರೀ ಟಿಯೋ, ಟಿ ಎಚ್ಚೋ? ಛತ್ರಿಗೆ ಎಷ್ಟು ಎಚ್? ಪರದೆಯಲ್ಲಿ ಕಾಣುವುದು ಚುಕ್ಕಿಗಳು ಮಾತ್ರ. ಐದು ಸಲ ತಪ್ಪಿದರೆ ಅಕೌಂಟ್ ಲಾಕ್. ಎರಡು ಸಲ ಲಾಕ್ ಆದವರ ಕೀಬೋರ್ಡಿನ ಅಡಿಯಲ್ಲಿ ಚೀಟಿ ಸೇರುತ್ತದೆ, ಅಲ್ಲಿಗೆ ಈ ನಿಯಮವೂ ಮುರಿದ ಹಾಗೆಯೇ.

ಇದಕ್ಕೆ ಪರಿಹಾರ ಪದಗಳಲ್ಲೇ ಇದೆ. ದೀರ್ಘ ಸ್ವರ, ಮಹಾಪ್ರಾಣ, ಒತ್ತಕ್ಷರ ಬೇಡ. ತ, ದ, ಳ, ಣ, ಶ, ಷ ಕೂಡ ಬೇಡ. ಬಿಸಿಲು, ಕರಡಿ, ಮಡಿಕೆ, ನರಿ: ಇವನ್ನು ಬಹುತೇಕ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ, ನಡುವೆ ಗೆರೆ ಹಾಕಿದರೆ 25 ಅಕ್ಷರ. (ಇದನ್ನೇ ಇಟ್ಟುಕೊಳ್ಳಬೇಡಿ.) ಇಂಥ ಸಾವಿರ ಪದಗಳ ಪಟ್ಟಿ ಮಾಡಿ, ನಾಲ್ಕನ್ನು ಕಂಪ್ಯೂಟರಿನಿಂದಲೇ ಯಾದೃಚ್ಛಿಕವಾಗಿ ಆರಿಸಿ ಕೊಡಿ. ಜನರಿಗೇ ಬಿಟ್ಟರೆ ಮಕ್ಕಳ ಹೆಸರು, ಮನೆದೇವರ ಹೆಸರು ಬರುತ್ತದೆ. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತನ್ನು ಗ್ರೂಪ್ ಪಾಲಿಸಿಯಲ್ಲಿ (ಆಫೀಸಿನ ವಿಂಡೋಸ್ ಕಂಪ್ಯೂಟರುಗಳಿಗೆಲ್ಲ ಒಟ್ಟಿಗೆ ಹಾಕುವ ಸೆಟ್ಟಿಂಗ್) ಮುಚ್ಚಿದ್ದರೆ ತೆರೆಯಿರಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಅವಧಿ ಮಿತಿ ತೆಗೆಯುವ ಮೊದಲು ಎರಡನೇ ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಇರಲೇಬೇಕು. ಸೋರಿಕೆಯ ಅನುಮಾನ ಬಂದರೆ ತಕ್ಷಣ ಬದಲಾವಣೆ. ಕೆಲಸ ಬಿಟ್ಟವರ ಖಾತೆ ಅದೇ ದಿನ ಬಂದ್.

ಪಾಸ್‌ವರ್ಡ್ ಒಂದನ್ನೇ ನಂಬಿ ಕಾರ್ಡ್ ಪಾವತಿಯ ಮಾಹಿತಿ ನೋಡಿಕೊಳ್ಳುವ ಕಡೆ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಉದ್ಯಮದ ಭದ್ರತಾ ನಿಯಮದಲ್ಲಿ 90 ದಿನದ ಮಾತು ಇನ್ನೂ ಇದೆ. ಅಲ್ಲಿ ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಎರಡನೇ ಹಂತದ ಖರ್ಚಿನ ವಿಷಯ: ಲಾಗಿನ್ ಕೋಡ್ ತೋರಿಸುವ ಫೋನಿನ ಅಥೆಂಟಿಕೇಟರ್ ಆ್ಯಪ್ ಉಚಿತ. ಸ್ವಂತ ಫೋನಿನಲ್ಲಿ ಆಫೀಸಿನ ಆ್ಯಪ್ ಬೇಡ ಎನ್ನುವವರನ್ನು ಬಲವಂತ ಮಾಡಬೇಡಿ, ಅವರಿಗೆ ಯುಎಸ್‌ಬಿ ಸೆಕ್ಯುರಿಟಿ ಕೀ (ಲಾಗಿನ್ ಆಗುವಾಗ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ಕೊಡಿಸಿ. ಪೆನ್‌ಡ್ರೈವ್ ತಡೆಯಲು ಎಲ್ಲ ಹೊಸ ಸಾಧನಗಳನ್ನೂ ನಿರ್ಬಂಧಿಸಿದ್ದರೆ ಕೀ ಕೂಡ ಓಡುವುದಿಲ್ಲ. ಸ್ಟೋರೇಜ್ ಸಾಧನಗಳನ್ನು ಮಾತ್ರ ನಿರ್ಬಂಧಿಸಿ.